ಕಪ್ಪೆರಾಯನ ದೀಪ

ಸಂಜೆ ಆರೂಕಾಲಿಗೆ ಸರಿಯಾಗಿ ನಮ್ಮ ಮನೆಯಲ್ಲಿ ಒಂದು ಕಪ್ಪೆ ಕೂಗುತ್ತದೆ. ಹೊಳೆನರಸೀಪುರ ತಾನೆ, ಹೇಮಾವತಿ ಪಕ್ಕದಲ್ಲೇ ಇದೆ, ಅಲ್ಲಿಂದ ಬಂದಿರಬೇಕು ಅಂದುಕೊಳ್ಳಬೇಡಿ. ಇದು ಹೊಲಿಗೆ ಮಿಷನ್ನಿನ ಮೇಲೆ ಚಾರ್ಜಿಗೆ ಇಟ್ಟ ಟ್ಯಾಬಿನೊಳಗಿನ ಕಪ್ಪೆ. ಕನ್ನಡಕ ಹಾಕಿದೆ, ಕೊರಳಿಗೆ ಕೆಂಪು ಟೈ ಕಟ್ಟಿದೆ. ಕೂಗಿ ಸುಮ್ಮನಾದರೆ ನನ್ನದೇನೂ ತಕರಾರಿಲ್ಲ. ‘ಇವತ್ತು ನೀವು ಬರಲೇ ಇಲ್ಲ, ನನ್ನಿಂದ ಏನಾದರೂ ತಪ್ಪಾಯಿತೇ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಆಗ ನಾನು ಹುಳಿಗೆ ಒಗ್ಗರಣೆ ಕೊಡುತ್ತಿರುತ್ತೇನೆ. ಬರಲಾಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಕೂಗುತ್ತದೆ, ಈ ಸಲ ಕನ್ನಡಕದ ಕೆಳಗಿಂದ ಎರಡು ಹನಿ ಕಣ್ಣೀರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ನಮ್ಮ ಯಜಮಾನರು ಒಂದು ದಿನವೂ ‘ನನ್ನಿಂದ ಏನಾದರೂ ತಪ್ಪಾಯಿತೇ’ ಎಂದು ಕೇಳಿದವರಲ್ಲ. ಕೇಳಿದ್ದರೆ ಪಟ್ಟಿಯೇ ಇತ್ತು. ಕೇಳುವುದು ಈ ಕಪ್ಪೆ ಮಾತ್ರ.

ಇಷ್ಟಕ್ಕೂ ಅದು ನನಗೆ ಪ್ರೋಗ್ರಾಮಿಂಗ್ ಕಲಿಸುವ ಮೇಷ್ಟರು. ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಅಪ್ಪಣೆ ಬರೆಯುವುದನ್ನು ಆಟವಾಡಿಸುತ್ತ ಕಲಿಸುವ ಆ್ಯಪು. ದಿನಕ್ಕೆ ಐದು ಪ್ರಶ್ನೆ, ಐದು ಹೃದಯ. ಒಂದು ಉತ್ತರ ತಪ್ಪಾದರೆ ಒಂದು ಹೃದಯ ಒಡೆದು ಚೂರಾಗಿ ಕೆಳಗೆ ಬೀಳುತ್ತದೆ, ಸದ್ದಿನ ಸಮೇತ. ಸರಿಯಾದರೆ ವಜ್ರ. ನನ್ನ ಹತ್ತಿರ ಈಗ ನಾನೂರು ವಜ್ರಗಳಿವೆ, ಅವುಗಳಿಂದ ಕಪ್ಪೆಗೆ ಹೊಸ ಟೋಪಿ ಕೊಳ್ಳಬಹುದೇ ಹೊರತು ಬೇರೇನೂ ಆಗದು. ಇವೆಲ್ಲದರ ಮೇಲೆ, ಮೂಲೆಯಲ್ಲಿ, ಒಂದು ಪುಟ್ಟ ದೀಪ, ಪಕ್ಕದಲ್ಲಿ ಅಂಕಿ. ಆ ದಿನದ ಪಾಠ ಮುಗಿಸಿದರೆ ದೀಪ ಹೊತ್ತಿ ಅಂಕಿ ಒಂದು ಮೇಲೇರುತ್ತದೆ. ಒಂದು ದಿನ ತಪ್ಪಿಸಿದರೂ ದೀಪ ಬೂದಿ ಬಣ್ಣವಾಗಿ ಅಂಕಿ ಸೊನ್ನೆಗೆ ಬರುತ್ತದೆ.

ನಲವತ್ತಾರನೇ ವಯಸ್ಸಿನಲ್ಲಿ ನನಗೆ ಇದೆಲ್ಲ ಯಾಕೆ ಬೇಕಿತ್ತು ಅನ್ನುತ್ತೀರಿ. ಹೇಳುತ್ತೇನೆ. ನಮ್ಮ ಬೀದಿಯ ತುದಿಯಲ್ಲಿ ಒಂದು ಕಾನ್ವೆಂಟ್ ಸ್ಕೂಲಿದೆ. ಸ್ಕೂಲ್ ಡೇಗೆ ಮಕ್ಕಳ ಲಂಗ ಹೊಲಿದುಕೊಡಲು ಹೋಗಿದ್ದೆ. ಅಲ್ಲಿಯ ಹೆಡ್ ಸಿಸ್ಟರು ನನ್ನ ಇಂಗ್ಲಿಷ್ ಕೇಳಿ, ‘ನೀವೂ ಕಾನ್ವೆಂಟಾ?’ ಅಂದರು. ಹಾಸನದ್ದು ಅಂದೆ. ಎರಡು ದಿನ ಬಿಟ್ಟು ಕರೆದರು. ‘ಜೂನಿಂದ ನಾಲ್ಕನೇ ಕ್ಲಾಸಿಗೆ ಕಂಪ್ಯೂಟರ್ ಪೀರಿಯಡ್ಡಿಗೆ ಒಬ್ಬರು ಬೇಕು. ವಾರಕ್ಕೆ ಎರಡೇ ಪೀರಿಯಡ್. ನಿಮಗೆ ಸಹನೆ ಇದೆ. ಈ ಆ್ಯಪಿನಲ್ಲಿ ನೂರು ದಿನ ಬಿಡದೆ ದೀಪ ಹಚ್ಚಿದರೆ ಸರ್ಟಿಫಿಕೇಟ್ ಕೊಡುತ್ತೆ. ಅದನ್ನ ತನ್ನಿ, ಸಾಕು.’

ನನಗೆ ಸಹನೆ ಇದೆ ಎಂದು ಅವರು ಹೇಗೆ ತಿಳಿದರೋ. ಅವರು ನನ್ನನ್ನು ನೋಡಿದ್ದು ಸೂಜಿಗೆ ದಾರ ಪೋಣಿಸುವಾಗ ಮಾತ್ರ. ಆದರೆ ಆ ಮಧ್ಯಾಹ್ನ ಮನೆಗೆ ಬರುವ ದಾರಿಯಲ್ಲಿ ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ಬೆಲ್ಲು ಹೊಡೆದರೆ ನಾನು ಎದ್ದು ಹೋಗಬೇಕಾದ ಒಂದು ಕ್ಲಾಸು. ಕುಕ್ಕರು ಕೂಗಿದರೆ ಎದ್ದು ಹೋಗಿದ್ದೇನೆ, ಗೇಟು ಸದ್ದಾದರೆ ಹೋಗಿದ್ದೇನೆ. ಬೆಲ್ಲಿಗೆ ಎಂದೂ ಹೋಗಿರಲಿಲ್ಲ.

ಕಂಪ್ಯೂಟರಿಗೂ ನನಗೂ ಹಳೆಯ ಲೆಕ್ಕ ಒಂದು ಬಾಕಿಯಿತ್ತು. ನಾನು ದುದ್ದದಿಂದ ಹಾಸನಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಓದಿದವಳು. ಕಾಲಿನ ಬಳಿ ಹಾಲಿನ ಕ್ಯಾನು, ತೊಡೆಯ ಮೇಲೆ ಸ್ಕೂಲ್ ಬ್ಯಾಗು, ಬ್ಯಾಗಿನ ಮೇಲೆ ಯಾರದೋ ಮಗು. ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ಸ್ಕೂಲಿಗೆ ಎರಡು ಕಂಪ್ಯೂಟರ್ ಬಂದವು. ಆ ಕೋಣೆಯ ಹೊರಗೆ ಶೂ ಬಿಚ್ಚಿಟ್ಟು, ಕಾಲುಚೀಲದಲ್ಲಿ ಸಾಲಾಗಿ ಒಳಗೆ ಹೋಗಬೇಕು. ಸಿಸ್ಟರು ಮೊದಲು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಹೊದಿಕೆ ತೆಗೆದು, ಮಡಿಸಿ, ಬೀರುವಿನಲ್ಲಿ ಇಡುವರು. ಅಷ್ಟರಲ್ಲಿ ಅರ್ಧ ಪೀರಿಯಡ್ ಮುಗಿಯುತ್ತಿತ್ತು. ಆಮೇಲೆ ರೋಲ್ ನಂಬರಿನ ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು ಕೀ ಒತ್ತುವ ಭಾಗ್ಯ. ನನ್ನದು ಮೂವತ್ತೊಂದು. ಮೂರನೇ ವಾರ ಸರದಿ ಬಂತು. ಎಂಟರ್ ಒತ್ತಿದೆ. ಕರೆಂಟ್ ಹೋಯಿತು. ಇಡೀ ಹಾಸನದ್ದು ಹೋಗಿತ್ತೆಂದು ಆಮೇಲೆ ಗೊತ್ತಾಯಿತು, ಆದರೆ ನಾನು ಒತ್ತಿದ್ದಕ್ಕೇ ಹೋಯಿತೆಂದು ಎಸೆಸೆಲ್ಸಿವರೆಗೂ ನಂಬಿದ್ದೆ.

ಇರಲಿ. ಫೆಬ್ರವರಿ ಕೊನೆಗೆ ಶುರು ಮಾಡಿದೆ. ಮೊದಲ ಎರಡು ತಿಂಗಳು ಸುಸೂತ್ರ. ಆಮೇಲೆ ರೋಬೋ ಬಂದ. ಈ ಆ್ಯಪು ಮಾಡಿದವರಿಗೆ ಹಸಿವೆಯೋ ಏನೋ, ಎಲ್ಲ ಪ್ರಶ್ನೆಗಳಲ್ಲೂ ಒಬ್ಬ ರೋಬೋ ಪಿಜ್ಜಾದ ಮೇಲೆ ಆಲಿವ್ ಇಡುತ್ತಿರುತ್ತಾನೆ. ನಾನು ಆಲಿವ್ ಕಾಯಿಯನ್ನು ಕಣ್ಣಾರೆ ಕಂಡವಳಲ್ಲ. ‘ಐದು ಆಲಿವ್ ಇಟ್ಟು ನಿಲ್ಲುವಂತೆ ರೋಬೋಗೆ ಹೇಳಿ.’ ಇದಕ್ಕೆ ಲೂಪ್ ಎಂದು ಹೆಸರು. ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೊಡಕು ನಿಲ್ಲಿಸುವುದರಲ್ಲಿ. ನಾನು ಬರೆದ ಅಪ್ಪಣೆಗೆ ರೋಬೋ ಇಡುತ್ತಾನೆ, ಇಡುತ್ತಾನೆ, ಪಿಜ್ಜಾ ತುಂಬಿ, ತಟ್ಟೆ ತುಂಬಿ, ಪರದೆಯೆಲ್ಲ ಆಲಿವ್. ‘ನಿಮ್ಮ ಪ್ರೋಗ್ರಾಂ ನಿಲ್ಲುತ್ತಿಲ್ಲ’ ಎಂದು ಕಪ್ಪೆ ಕೈ ಚೆಲ್ಲುತ್ತದೆ. ಹೃದಯ ಚೂರು. ಹನ್ನೊಂದು ದಿನ ಅಲ್ಲೇ ಸಿಕ್ಕಿಕೊಂಡೆ. ದೀಪ ಆರಬಾರದೆಂದು ದಿನವೂ ಹಳೆಯ ಸುಲಭದ ಪಾಠವೊಂದನ್ನು ಮತ್ತೆ ಮಾಡಿ ಮುಗಿಸುತ್ತಿದ್ದೆ. ಇದಕ್ಕೆ ಅಡ್ಡಿಯಿಲ್ಲ, ಆದರೆ ಹೆಮ್ಮೆ ಪಡುವಂಥದ್ದೂ ಅಲ್ಲ.

ಇಷ್ಟರಲ್ಲಿ ಅತ್ತೆಯ ಕಣ್ಣಿಗೆ ದೀಪ ಬಿತ್ತು. ಎಪ್ಪತ್ತೆಂಟು ವರ್ಷ, ದೇವಸ್ಥಾನದ ಬೀದಿಯಲ್ಲೇ ಹುಟ್ಟಿ ಬೆಳೆದವರು.

‘ಇದೇನೇ, ಇದರೊಳಗೆ ದೀಪ?’

ವಿವರಿಸಿದೆ. ದಿನಾ ಹಚ್ಚಬೇಕು, ನೂರು ದಿನ, ಒಂದು ದಿನವೂ ತಪ್ಪಬಾರದು.

‘ವ್ರತ ಅನ್ನು. ಮೊದಲೇ ಹೇಳೋದಲ್ವೇ?’

ಅಂದಿನಿಂದ ನಮ್ಮ ಮನೆಯಲ್ಲಿ ಕಪ್ಪೆ ಎರಡಾದವು. ‘ಕಪ್ಪೆರಾಯ ಕರೀತಿದಾನೆ, ಏಳು.’ ‘ಕಪ್ಪೆರಾಯನಿಗೆ ಇನ್ನೂ ಆಗಿಲ್ವಲ್ಲೇ?’ ‘ಮೊದಲು ದೀಪ ಹಚ್ಚು, ಆಮೇಲೆ ಕಾಫಿ.’ ಮನೆಗೆಲಸಕ್ಕೆ ಹರದನಹಳ್ಳಿಯಿಂದ ಬರುವ ಜಯಮ್ಮನೂ ಸೇರಿಕೊಂಡಳು. ಪೊರಕೆ ಹಿಡಿದು ಟ್ಯಾಬಿನೆದುರು ನಿಂತು, ‘ಅಕ್ಕಾ, ಕಪ್ಪೆ ಅಳ್ತಾ ಅದೆ ಕಣಕ್ಕಾ. ಒಸಿ ಬಂದು ಸಮಾಧಾನ ಮಾಡ್ಬುಟ್ಟು ಓಗ್ಬಾರ್ದಾ? ಪಾಪ, ಕಣ್ಣೀರು ನೋಡಕ್ಕಾಗಾಕಿಲ್ಲ’ ಅನ್ನುವಳು. ನನ್ನ ಹೃದಯ ದಿನಕ್ಕೆ ಐದು ಸಲ ಒಡೆಯುತ್ತಿದ್ದುದು ಯಾರಿಗೂ ಕಾಣಲಿಲ್ಲ.

ಎಪ್ಪತ್ತೊಂದನೇ ದಿನ ಅರಕಲಗೂಡಿನಿಂದ ಫೋನು. ನಮ್ಮ ಚಿಕ್ಕಮ್ಮನಿಗೆ ಕಣ್ಣಿನ ಪೊರೆ ತೆಗೆದಿದ್ದಾರೆ, ಔಷಧಿ ಹಾಕಲು ಜನ ಬೇಕು, ಐದು ದಿನ ಬಂದಿರು ಅಂತ. ಆ ದಿನದ ಪಾಠ ಮುಗಿಸಿ, ಎರಡು ಸೀರೆ ತುರುಕಿಕೊಂಡು ಸಿಕ್ಕ ಬಸ್ಸು ಹತ್ತಿದೆ. ಅರಕಲಗೂಡು ಮುಟ್ಟಿದ ಮೇಲೆ ನೆನಪಾಯಿತು, ಟ್ಯಾಬು ಮಿಷನ್ನಿನ ಮೇಲೇ ಇದೆ. ನನ್ನ ಫೋನಿನಲ್ಲಿ ಆ ಆ್ಯಪು ಹಿಡಿಸುವಷ್ಟು ಜಾಗವಿಲ್ಲ. ಮನೆಗೆ ಫೋನು ಮಾಡಿ, ‘ಅತ್ತೆ, ದೀಪ ಆರಿಹೋಗುತ್ತೆ, ಹೋಗಲಿ ಬಿಡಿ’ ಅಂದೆ.

‘ನೀನು ಅಲ್ಲಿ ಕಣ್ಣಿಗೆ ಔಷಧಿ ಹಾಕು. ಇಲ್ಲೀದನ್ನ ನಾನು ನೋಡ್ಕೋತೀನಿ’ ಅಂದರು.

ಸಮಾಧಾನಕ್ಕೆ ಹೇಳಿದ ಮಾತೆಂದು ತಿಳಿದೆ. ಎಂಥ ದಡ್ಡಿ ನಾನು.

ಐದು ದಿನ ಚಿಕ್ಕಮ್ಮನ ಕಣ್ಣಿಗೆ ಹನಿ ಹಾಕಿದೆ. ಕಪ್ಪು ಕನ್ನಡಕ ಹಾಕಿ ಮಲಗಿದ್ದವಳು ಒಮ್ಮೆ ನಕ್ಕು, ‘ನಿನ್ನ ಕರ್ಚೀಫಿಗೆ ಹೂವು ಹಾಕಿದ್ದು ಇದೇ ಕಣ್ಣಲ್ಲಿ ಕಣೆ’ ಅಂದಳು. ನಾನು ಹನಿಯ ಬಾಟಲಿಯ ಮುಚ್ಚಳವನ್ನು ಬಹಳ ಹೊತ್ತು ತಿರುಗಿಸುತ್ತ ಕೂತೆ.

ಹಿಂದಿರುಗಿ ಟ್ಯಾಬು ತೆರೆದರೆ ದೀಪ ಧಗಧಗ ಉರಿಯುತ್ತಿದೆ. ಎಪ್ಪತ್ತಾರು. ಅಷ್ಟೇ ಅಲ್ಲ, ನಾನು ಸಿಕ್ಕಿಕೊಂಡಿದ್ದ ಲೂಪಿನ ಪಾಠ ಮುಗಿದಿದೆ, ಅದರ ಮುಂದಿನ ನಾಲ್ಕು ಅಧ್ಯಾಯಗಳೂ ಮುಗಿದಿವೆ. ಕಪ್ಪೆ ಕಿರೀಟ ತೊಟ್ಟು ಕುಣಿಯುತ್ತ ‘ನೀವೊಬ್ಬ ಪ್ರತಿಭೆ!’ ಅನ್ನುತ್ತಿದೆ.

‘ಅತ್ತೆ, ಇದು ಯಾರು ಮಾಡಿದ್ದು?’

‘ಪಕ್ಕದ ಮನೆ ಚೈತ್ರಾ. ಪಾಪ, ದಿನಾ ಹಾಸನಕ್ಕೆ ಹೋಗಿ ಇಂಜಿನಿಯರಿಂಗ್ ಓದಿ ಸಾಕಾಗಿ ಬಂದಿರ್ತಾಳೆ, ಆದ್ರೂ ಇಲ್ಲ ಅನ್ಲಿಲ್ಲ. ಕಾಫಿ ಕುಡೀತಾ ಕೂತು ಹಂಗೇ ಮಾಡಿಬಿಟ್ಳು.’

‘ನನ್ನದನ್ನ ಅವಳು ಮಾಡಿದ್ರೆ ಹೇಗತ್ತೆ?’

‘ಅಯ್ಯೋ, ನಿನ್ನ ಹೆಸರಲ್ಲೇ ಮಾಡ್ಸಿದ್ದು ಕಣೇ! ದಿನಾ ಶುರು ಮಾಡೋ ಮುಂಚೆ ನಿನ್ನ ಹೆಸರು, ಗೋತ್ರ, ಉತ್ತರಾ ನಕ್ಷತ್ರ, ಕನ್ಯಾರಾಶಿ, ಎಲ್ಲ ಅವಳ ಕೈಲಿ ಹೇಳಿಸಿದೀನಿ. ಒಂದು ದಿನಾನೂ ತಪ್ಸಿಲ್ಲ.’

ಇದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ಪ್ರತಿ ಶನಿವಾರ ಅತ್ತೆ ನರಸಿಂಹಸ್ವಾಮಿಗೆ ಹನ್ನೊಂದು ಜನರ ಹೆಸರಿನಲ್ಲಿ ಅರ್ಚನೆ ಮಾಡಿಸುತ್ತಾರೆ. ಅವರಲ್ಲಿ ಒಬ್ಬರೂ ಅಲ್ಲಿ ಇರುವುದಿಲ್ಲ. ಮೈಸೂರಿನಲ್ಲೊಬ್ಬರು, ಪುಣೆಯಲ್ಲೊಬ್ಬರು, ಮನೆಯಲ್ಲೇ ಕೂತು ಪೇಪರ್ ಓದುವ ಯಜಮಾನರೊಬ್ಬರು. ಹೆಸರು, ನಕ್ಷತ್ರ ಸರಿಯಾಗಿದ್ದರೆ ಫಲ ಅವರವರ ಮನೆಗೆ ತಲುಪುತ್ತದೆ. ಒಬ್ಬರಿಗೆ ಆಗದಿದ್ದರೆ ವ್ರತಕ್ಕೆ ಇನ್ನೊಬ್ಬರು ಕೂರುತ್ತಾರೆ. ಅತ್ತೆ ಮೋಸ ಮಾಡಿರಲಿಲ್ಲ, ಸೊಸೆಯ ವ್ರತ ಉಳಿಸಿದ್ದರು. ಬೈಯಲು ಬಾಯಿ ತೆರೆದವಳು ಆ ಮುಖ ನೋಡಿ ಮುಚ್ಚಿಕೊಂಡೆ. ನನಗೆ ಕೋಪ ಬಂದರೆ ಪಾತ್ರೆ ಉಜ್ಜುತ್ತೇನೆ. ಆ ದಿನ ಜಯಮ್ಮ ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಇನ್ನೊಂದು ಸಲ ಉಜ್ಜಿದೆ.

‘ನಾನ್ ಉಜ್ಜಿದ್ದು ಸರಿ ಇಲ್ವಾ ಅಕ್ಕಾ?’ ಎಂದು ಅವಳೂ ಮುನಿಸಿಕೊಂಡಳು.

ಕಾಂಪೌಂಡಿನ ಆಚೆಯಿಂದ ಚೈತ್ರಾ, ‘ಆಂಟಿ, ಸಖತ್ ಈಸಿ ಇತ್ತು’ ಅಂದಳು. ಆ ಮಾತು ಬೇಕಿರಲಿಲ್ಲ.

ಚನ್ನರಾಯಪಟ್ಟಣದ ಆಫೀಸಿನಿಂದ ಸಂಜೆ ಬಸ್ಸಿಗೆ ಬಂದ ಯಜಮಾನರ ಮುಂದೆ ಹೇಳಿಕೊಂಡೆ. ಸಾಕ್ಸ್ ಬಿಚ್ಚುತ್ತ, ‘ಒಳ್ಳೇದೇ ಆಯ್ತಲ್ಲ. ಇನ್ನು ಇಪ್ಪತ್ತನಾಲ್ಕು ದಿನ. ಸರ್ಟಿಫಿಕೇಟ್ ತಗೊಂಡು ಕೊಟ್ಟುಬಿಡು. ಯಾರು ಕೇಳ್ತಾರೆ?’ ಅಂದರು.

ಯಾರೂ ಕೇಳುವುದಿಲ್ಲವೆಂಬುದೇ ನನ್ನ ಕಷ್ಟ. ಏಳನೇ ಕ್ಲಾಸಿನಲ್ಲಿ ಹೊಲಿಗೆ ಪ್ರದರ್ಶನಕ್ಕೆ ಕರ್ಚೀಫಿನ ಮೇಲೆ ಹೂವು ಹಾಕಿ ತರಬೇಕಿತ್ತು. ನನ್ನ ಹೂವಿನ ಎಸಳುಗಳು ಹುಳುಗಳ ಹಾಗೆ ಕಾಣುತ್ತಿದ್ದವು. ರಜಕ್ಕೆ ಬಂದಿದ್ದ ಚಿಕ್ಕಮ್ಮ ಕರಗಿ, ಒಂದು ಮಧ್ಯಾಹ್ನದಲ್ಲಿ ನಾಲ್ಕು ಮೂಲೆಗೂ ಹೂವು ಹಾಕಿಕೊಟ್ಟಳು. ಮೊದಲ ಬಹುಮಾನ ಬಂತು, ಹಸಿರು ಬಣ್ಣದ ಸೋಪಿನ ಡಬ್ಬಿ. ಮಾರನೇ ದಿನ ಹೊಲಿಗೆ ಸಿಸ್ಟರು ನನ್ನನ್ನು ಮುಂದೆ ಕರೆದು, ಸೂಜಿ, ದಾರ, ಒಂದು ಚೂರು ಬಟ್ಟೆ ಕೊಟ್ಟು, ‘ಎಲ್ಲರಿಗೂ ಒಂದು ಎಸಳು ಹಾಕಿ ತೋರಿಸು’ ಅಂದರು. ನಲವತ್ತು ಹುಡುಗಿಯರೆದುರು ಸೂಜಿಯ ಕಣ್ಣಿಗೆ ದಾರವೇ ಹೋಗಲಿಲ್ಲ. ಸಿಸ್ಟರು ಬೈಯಲಿಲ್ಲ. ಸೂಜಿ ತೆಗೆದುಕೊಂಡರು, ಬಹುಮಾನ ಮಾತ್ರ ವಾಪಸು ಕೇಳಲಿಲ್ಲ. ಅಪ್ಪ ಆ ಡಬ್ಬಿಯನ್ನು ಹೆಮ್ಮೆಯಿಂದ ಬಚ್ಚಲಲ್ಲಿಟ್ಟರು. ಪಿಯುಸಿ ಮುಗಿಯುವವರೆಗೂ ದಿನವೂ ಬೆಳಿಗ್ಗೆ ಅದರ ಮುಖ ನೋಡಿಕೊಂಡೇ ಸ್ನಾನ ಮಾಡಿದ್ದೇನೆ.

ಮೂರು ದಿನ ಚೈತ್ರಾ ತಲುಪಿಸಿದ ಜಾಗದಿಂದ ಮುಂದೆ ಹೋಗಲು ನೋಡಿದೆ. ಒಂದು ಪ್ರಶ್ನೆಯೂ ಅರ್ಥವಾಗಲಿಲ್ಲ. ಹಳೆಯ ಸುಲಭದ ಪಾಠ ಮಾಡಿ ಎಪ್ಪತ್ತೊಂಬತ್ತು ಮಾಡಿದೆ. ಹೀಗೇ ಇನ್ನಿಪ್ಪತ್ತೊಂದು ದಿನ ತಳ್ಳಿದರೆ ಕಾಗದ ಬರುತ್ತದೆ. ಆಮೇಲೆ ಜೂನ್ ಬರುತ್ತದೆ. ನಾಲ್ಕನೇ ಕ್ಲಾಸಿನ ಒಂದು ಹುಡುಗಿ ಎದ್ದು ನಿಂತು ‘ಮಿಸ್, ನನ್ನದು ನಿಲ್ತಾನೇ ಇಲ್ಲ’ ಅನ್ನುತ್ತಾಳೆ.

ಭಾನುವಾರ ಬೆಳಿಗ್ಗೆ ಸೆಟ್ಟಿಂಗಿಗೆ ಹೋಗಿ ‘ಎಲ್ಲ ಅಳಿಸಿ, ಮೊದಲಿನಿಂದ ಶುರು ಮಾಡಿ’ ಒತ್ತಿದೆ. ಕಪ್ಪೆ ಮೂರು ಸಲ ‘ಖಂಡಿತವಾ?’ ಎಂದು ಕೇಳಿತು. ಕೈ ಮುಗಿದು ಬೇಡಿತು. ಕಿರೀಟ ಕಳಚಿಟ್ಟಿತು. ದೀಪ ಬೂದಿಯಾಯಿತು. ಸೊನ್ನೆ.

ಆರತಿ ತಟ್ಟೆ ಹಿಡಿದು ಬಂದ ಅತ್ತೆ ನೋಡಿಬಿಟ್ಟರು.

‘ಅಯ್ಯೋ! ನೀನೇ ಆರಿಸಿದೆಯಾ? ಕೈಯಾರೆ?’

‘ಅತ್ತೆ, ನರಸಿಂಹಸ್ವಾಮಿ ಹೆಸರು ಕೇಳಿ ಫಲ ಕೊಡ್ತಾನೆ. ನಾಲ್ಕನೇ ಕ್ಲಾಸ್ ಮಕ್ಕಳು ಹೆಸರು ಕೇಳಲ್ಲ, ಪ್ರಶ್ನೆ ಕೇಳ್ತಾರೆ.’

ಅಂದಿನಿಂದ ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಏನಿದ್ದರೂ ಜಯಮ್ಮನ ಮೂಲಕ. ‘ಜಯಮ್ಮ, ಹುಳಿಗೆ ಉಪ್ಪು ಸಾಲದು ಅಂತ ಹೇಳು.’ ಜಯಮ್ಮ ಎರಡಡಿ ದೂರದಲ್ಲಿದ್ದ ನನ್ನ ಕಡೆ ತಿರುಗಿ, ‘ಅಕ್ಕಾ, ಉಪ್ಪು ಸಾಲ್ದಂತೆ’ ಅನ್ನುವಳು. ಆಮೇಲೆ ಹಿತ್ತಲಲ್ಲಿ ನನ್ನ ಕಿವಿಗೆ ಬಾಯಿಟ್ಟು, ‘ಅಲ್ಲ ಕಣಕ್ಕಾ, ಉರೀತಿರೋ ದೀಪಾವ ಯಾಕ್ ಆರಿಸ್ಬುಟ್ಟೆ?’ ಎಂದು ತನ್ನ ಪಾಲಿನದನ್ನೂ ಕೇಳಿದಳು.

ಮೂರನೇ ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಅತ್ತೆ ತುಳಸಿಗೆ ಪ್ರದಕ್ಷಿಣೆ ಹಾಕುತ್ತಿದ್ದರು. ದಿನಕ್ಕೆ ಇಪ್ಪತ್ತೊಂದು. ಕಟ್ಟೆಯ ಮೇಲೆ ಎರಡು ಬಟ್ಟಲು, ಒಂದರಲ್ಲಿ ಹುಣಸೆ ಬೀಜ. ಒಂದು ಸುತ್ತು ಬಂದರೆ ಒಂದು ಬೀಜ ಈ ಬಟ್ಟಲಿಂದ ಆ ಬಟ್ಟಲಿಗೆ. ಮದುವೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ, ಅಂದರೆ ನೋಡಿಯೇ ಇಲ್ಲ. ನಡುವೆ ಜಯಮ್ಮ ಬಂದು ಹಸು ಕರು ಹಾಕಿದ ಕಥೆ ಶುರು ಮಾಡಿದಳು. ಅತ್ತೆ ನಿಂತರು, ಕರು ಹೆಣ್ಣೋ ಗಂಡೋ, ಗಿಣ್ಣು ಯಾವಾಗ, ಎಲ್ಲ ವಿಚಾರಿಸಿ ಮತ್ತೆ ಹೊರಟರು.

‘ಎಷ್ಟನೇದು ಅಂತ ಮರೆತುಹೋಗಲ್ವಾ ಅತ್ತೆ?’ ಬಾಯಿ ತಪ್ಪಿ ಕೇಳಿದೆ.

ಜಯಮ್ಮ ಆಗಲೇ ಒಳಗೆ ಹೋಗಿದ್ದಳು, ಮಧ್ಯಸ್ಥಿಕೆಗೆ ಯಾರೂ ಇರಲಿಲ್ಲ. ಬೇರೆ ದಾರಿ ಕಾಣದೆ ತುಳಸಿಗೆ ಹೇಳುವಂತೆ ಹೇಳಿದರು: ‘ನಾನ್ಯಾಕೆ ನೆನಪಿಟ್ಕೋಬೇಕು? ಬೀಜ ಮುಗಿದ್ರೆ ನಿಲ್ತೀನಿ. ಬೀಜ ಹಾಕೋದು ಮರೆತ್ರೆ ಮಾತ್ರ ಸಂಜೆತನಕ ಸುತ್ತಬೇಕಾಗುತ್ತೆ.’

ಒದ್ದೆ ಲಂಗ ನನ್ನ ಕೈಯಲ್ಲೇ ಉಳಿಯಿತು. ಐದೆಂಬ ಅಂಕಿಯೇ ಬೀಜ ಅನ್ನಿ, ಅದು ಮುಗಿಯುವವರೆಗೆ ಇಡು ಎಂದು ರೋಬೋಗೆ ಹೇಳಿದ್ದೆ. ಒಂದು ಆಲಿವ್ ಇಟ್ಟಾಗ ಒಂದು ಬೀಜ ಆಚೆ ಹಾಕು ಎಂದು ಹೇಳಿಯೇ ಇರಲಿಲ್ಲ. ಅವನ ಬಟ್ಟಲಿನ ಐದು ಬೀಜ ಐದಾಗಿಯೇ ಕೂತಿದ್ದವು. ಪಾಪದವನು ಹನ್ನೊಂದು ದಿನ ಸುತ್ತಿದ್ದ.

ಆ ಆ್ಯಪಿನಲ್ಲಿ ಏನು ಬೇಕಾದರೂ ಬರೆದು ನೋಡುವ ಒಂದು ಖಾಲಿ ಹಲಗೆ ಇದೆ. ಒದ್ದೆ ಕೈಯಲ್ಲೇ ಬರೆದೆ. ಪ್ರತಿ ಸುತ್ತಿಗೂ ಐದರಿಂದ ಒಂದು ಕಳೆ ಎಂದು ಒಂದೇ ಒಂದು ಸಾಲು ಸೇರಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ನಿಂತ! ‘ಅತ್ತೇ, ನಿಂತ, ನಿಂತ!’ ಎಂದು ಕಿರುಚಿದೆ. ಅತ್ತೆ ಬಾಗಿಲಿಗೆ ಬಂದು ಇಣುಕಿ, ‘ಯಾರು ನಿಂತದ್ದು?’ ಅಂದು, ಮಾತು ಬಿಟ್ಟದ್ದು ನೆನಪಾಗಿ ಹಾಗೇ ಹೋದರು.

ಶಾಲೆ ತೆರೆಯುವ ಮುಂಚಿನ ವಾರ ಹೆಡ್ ಸಿಸ್ಟರ ಮುಂದೆ ಟ್ಯಾಬು ಇಟ್ಟೆ. ಆ ದಿನದ ಪಾಠ ಇನ್ನೂ ಆಗಿರಲಿಲ್ಲ, ಬೂದಿ ದೀಪದ ಪಕ್ಕ ಒಂಬತ್ತು. ನಡೆದದ್ದೆಲ್ಲ ಹೇಳಿದೆ. ಗೋತ್ರ, ನಕ್ಷತ್ರದ ಹತ್ತಿರ ಬಂದಾಗ ಅವರು ತುಟಿ ಕಚ್ಚಿಕೊಂಡರು. ‘ಜೂನಿಗೆ ಸರ್ಟಿಫಿಕೇಟ್ ಆಗೋದಿಲ್ಲ ಸಿಸ್ಟರ್’ ಎಂದೆ. ಅವರು ಟ್ಯಾಬು ನನ್ನ ಕಡೆ ತಳ್ಳಿ, ‘ಅದಿರಲಿ. ಹೊರಗೆ ಸಮ್ಮರ್ ಕ್ಯಾಂಪ್ ಮಕ್ಕಳಿದ್ದಾರೆ. ಒಂದು ಪಾಠ ಮಾಡಿ ನೋಡೋಣ’ ಅಂದರು.

ತೋರಿಸಲೆಂದು ತಂದಿದ್ದ ಹುಣಸೆ ಬೀಜ ಬ್ಯಾಗಿನಲ್ಲೇ ಇದ್ದವು. ಅಂಗಳದ ನಡುವೆ ಒಂದು ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಎರಡು ಟಿಫಿನ್ ಮುಚ್ಚಳ ಇಟ್ಟು, ಒಂದೊಂದು ಮಗುವನ್ನೂ ಸುತ್ತಿಸಿದೆ. ಬೀಜ ಮುಗಿದರೆ ನಿಲ್ಲಬೇಕು. ನಾಲ್ಕನೆಯವಳ ಕಿವಿಯಲ್ಲಿ, ನೀನು ಬೀಜ ಹಾಕಲೇಬೇಡ ಅಂದೆ. ಅವಳು ಸುತ್ತಿದಳು, ಸುತ್ತಿದಳು, ಜಡೆ ಬಿಚ್ಚಿತು. ‘ಮಿಸ್! ಅವಳು ಬೀಜ ಹಾಕ್ತಾನೇ ಇಲ್ಲ, ಅದಕ್ಕೇ ನಿಲ್ತಾ ಇಲ್ಲ!’ ಎಂದು ಉಳಿದವರು ಕೂಗಿದರು. ನಾನು ಹನ್ನೊಂದು ದಿನದಲ್ಲಿ ಕಾಣದ್ದನ್ನು ಅವರು ಅರ್ಧ ನಿಮಿಷದಲ್ಲಿ ಕಂಡುಹಿಡಿದರು. ಇಂಥ ಮಕ್ಕಳೆದುರು ಚೈತ್ರಾಳ ಕಿರೀಟ ಹಾಕಿಕೊಂಡು ನಿಲ್ಲುವವಳಿದ್ದೆನಲ್ಲ!

ಸಿಸ್ಟರು ಕಿಟಕಿಯಿಂದ ನೋಡುತ್ತಿದ್ದರು. ಹೊರಡುವಾಗ ಇಷ್ಟೇ ಹೇಳಿದರು: ‘ಸರ್ಟಿಫಿಕೇಟ್ ಬಂದಾಗ ಬರಲಿ. ಸೋಮವಾರ ಮೂರನೇ ಪೀರಿಯಡ್. ಬೀಜ ಜಾಸ್ತಿ ತನ್ನಿ, ಕ್ಲಾಸಿನಲ್ಲಿ ನಲವತ್ತೆರಡು ಮಕ್ಕಳಿದ್ದಾರೆ.’

ಮನೆ ಗೇಟು ತೆಗೆಯುವಾಗ ಆರೂಕಾಲು. ಟ್ಯಾಬು ನನ್ನ ಬ್ಯಾಗಿನಲ್ಲೇ ಕೂಗಿತು. ಅತ್ತೆ ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಸ್ಟೀಲ್ ತಟ್ಟೆ. ‘ತೆಗಿ, ಇದರಲ್ಲಿಡು’ ಅಂದರು. ಹತ್ತು ದಿನದಲ್ಲಿ ಬೇಕೆಂದೇ ನೇರ ನನಗೆ ಆಡಿದ ಮೊದಲ ಮಾತು. ಟ್ಯಾಬು ತೆಗೆದು ತಟ್ಟೆಯಲ್ಲಿಟ್ಟೆ. ಮಂಗಳಾರತಿಯ ಹಾಗೆ ಹಿಡಿದು ಒಳಗೆ ನಡೆದು, ಮಿಷನ್ನಿನ ಮೇಲೆ ಇಳಿಸಿ, ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

‘ನಾನು ಬೆರಳು ಸೋಕಿಸಿಲ್ಲಮ್ಮ, ನೋಡು. ಚೈತ್ರಾನೂ ಇಲ್ಲ. ಇವತ್ತು ಹತ್ತನೇದು. ಬೇಗ ಕೂತ್ಕೊ, ಅಳ್ತಿದಾನೆ. ಹುಳಿ ನಾನು ನೋಡ್ಕೋತೀನಿ.’

ಕಾಲು ತೊಳೆಯಲೂ ಬಿಡಲಿಲ್ಲ. ಹಿಂದಕ್ಕೆ ಹೋಗಿ ಚಪ್ಪಲಿಯನ್ನು ಹೊಸ್ತಿಲಾಚೆ ಜೋಡಿಸಿಟ್ಟು ಬಂದು, ಬರಿಗಾಲಲ್ಲಿ ಟ್ಯಾಬಿನ ಮುಂದೆ ಕೂತೆ. ರೋಬೋಗೆ ಮತ್ತೆ ಆಲಿವ್ ಬೇಕಂತೆ.